ಬೇಚರಾಕ್ ಊರಿಗೆ ಮರಳುವುದು: ಮಹಾಮಾರಿಯ ನಂತರದ ಸಮಾಜ ಮತ್ತು ಕಾದಂಬರಿಯ ಕಲ್ಪನೆ

ಮಹಾಮಾರಿಯೊಂದು ಲೋಕದ ಬಹುಪಾಲು ಜನರನ್ನು ಕೊಂಡೊಯ್ದ ಮೇಲೆ ಉಳಿದ ಕೆಲವರು ಬದುಕನ್ನು ಹೇಗೆ ಮತ್ತೆ ಕಟ್ಟಿಕೊಳ್ಳುತ್ತಾರೆ ಎಂಬ ಪ್ರಶ್ನೆಯ ಸುತ್ತ ಕಳೆದ ಇನ್ನೂರು ವರ್ಷಗಳಲ್ಲಿ, ವಿಶೇಷವಾಗಿ ಇಂಗ್ಲಿಷ್ ಭಾಷೆಯಲ್ಲಿ, ಒಂದು ಕಥನಪ್ರಕಾರವೇ ಬೆಳೆದಿದೆ. ಕನ್ನಡದಲ್ಲಿ ಪ್ರಳಯೋತ್ತರ ಕಥನ ಎಂದು ಕರೆಯಬಹುದಾದ ಈ ಪ್ರಕಾರವು ಪ್ರಳಯಕ್ಕಿಂತಲೂ ಅದರ ಮರುದಿನವನ್ನು ತನ್ನ ವಸ್ತುವಾಗಿ ಆರಿಸಿಕೊಳ್ಳುತ್ತದೆ. ಅದರ ಓದುಗರಿಗೆ ಇದು ಕಲ್ಪನೆಯ ಮಾತು. ಆದರೆ ಹುಲಸೂರು, ಬಸವಕಲ್ಯಾಣ, ಹುಮನಾಬಾದ್ ಸೀಮೆಯನ್ನು ಒಳಗೊಂಡ ದಖ್ಖನ್ ಪ್ರಸ್ಥಭೂಮಿಗೆ ಇದು ಹಲವು ಬಾರಿ ನಡೆದುಹೋದ ಸಂಗತಿ. ಜನರೆಲ್ಲ ಸತ್ತೋ ಬಿಟ್ಟುಹೋಗಿಯೋ ಒಂದೂ ದೀಪ ಹತ್ತದ ಊರನ್ನು ಇಲ್ಲಿನ ಕಂದಾಯ ದಾಖಲೆಗಳು ಇಂದಿಗೂ ಬೇಚರಾಕ್ ಗ್ರಾಮ ಎಂದು ನಮೂದಿಸುತ್ತವೆ. ಅಂಥ ಊರಿಗೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ, ವಾಸದ ಮನೆ ಮಾತ್ರ ಇಲ್ಲ. ಬರಿದಾದ ಊರು ಮತ್ತೆ ತುಂಬುವಾಗ ಏನೇನು ನಡೆಯುತ್ತದೆ ಎಂಬುದನ್ನು ಬಲ್ಲ ಈ ನೆಲದ ಇತಿಹಾಸವನ್ನೂ ಕನ್ನಡದ ಪ್ಲೇಗಿನ ಕಾದಂಬರಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಆ ಕಥನಪ್ರಕಾರವನ್ನು ಪರಿಶೀಲಿಸಿದರೆ, ಅದು ಚೆನ್ನಾಗಿ ಕಂಡದ್ದೂ ಕಾಣದೆ ಹೋದದ್ದೂ ಒಟ್ಟಿಗೆ ಗೋಚರಿಸುತ್ತವೆ.

ಈ ಪರಂಪರೆಯ ಮೊದಲ ದೊಡ್ಡ ಕೃತಿಯೆಂದು ಸಾಮಾನ್ಯವಾಗಿ ಗುರುತಿಸಲಾಗುವ ಮೇರಿ ಶೆಲ್ಲಿಯ ‘ದಿ ಲಾಸ್ಟ್ ಮ್ಯಾನ್’ (1826) ಪುನರ್ನಿರ್ಮಾಣದ ಕಥೆಯೇ ಅಲ್ಲ. ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲಿ ನಡೆಯುವ ಆ ಕಥೆಯಲ್ಲಿ ಪ್ಲೇಗು ಒಬ್ಬನೇ ಒಬ್ಬನನ್ನು ಉಳಿಸುತ್ತದೆ, ಒಬ್ಬನಿಂದ ಸಮಾಜವಾಗುವುದಿಲ್ಲ. ಸಮಾಜದ ಪ್ರಶ್ನೆ ನಿಜವಾಗಿ ಎದುರಾಗುವುದು 1912ರಲ್ಲಿ ಪ್ರಕಟವಾದ ಜ್ಯಾಕ್ ಲಂಡನ್‌ನ ‘ದಿ ಸ್ಕಾರ್ಲೆಟ್ ಪ್ಲೇಗ್’ ಎಂಬ ಕಿರುಕಾದಂಬರಿಯಲ್ಲಿ. 2013ರಲ್ಲಿ ಬಂದ ಮಾರಿಯಿಂದ ಬದುಕುಳಿದ ಮಾಜಿ ಪ್ರಾಧ್ಯಾಪಕನೊಬ್ಬ ಅರವತ್ತು ವರ್ಷಗಳ ನಂತರ ತೊಗಲು ಹೊದ್ದ ಮೊಮ್ಮಕ್ಕಳಿಗೆ ಹಳೆಯ ಲೋಕದ ಕಥೆ ಹೇಳುತ್ತಾನೆ. ಅವನ ಅರ್ಧ ಮಾತು ಆ ಹುಡುಗರಿಗೆ ತಿಳಿಯುವುದೇ ಇಲ್ಲ. ಅಕ್ಷರ ಕಲಿಯುವ ಕೀಲಿಯ ಸಮೇತ ಪುಸ್ತಕಗಳನ್ನು ಅವನು ಗುಹೆಯೊಂದರಲ್ಲಿ ಬಚ್ಚಿಟ್ಟಿದ್ದಾನೆ, ಆದರೆ ತೆರೆಯುವವರಿಲ್ಲ. ಕೋಟ್ಯಧೀಶನ ಹೆಂಡತಿಯಾಗಿದ್ದವಳನ್ನು ಒಬ್ಬ ಕಾರು ಚಾಲಕ ಬಲವಂತದಿಂದ ತನ್ನ ಆಳಿನಂತೆ ಇಟ್ಟುಕೊಳ್ಳುವ ಪ್ರಸಂಗವೂ ಅಲ್ಲಿದೆ. ಮೇಲಿದ್ದವರು ಕೆಳಗಿಳಿದರೂ ಮೇಲು ಕೆಳಗೆಂಬುದು ಉಳಿಯುತ್ತದೆ ಎಂಬ ಈ ನೋಟ ಗಟ್ಟಿಯಾದದ್ದು. ಆದರೆ ಲಂಡನ್ ಅದನ್ನು ಚಾಲಕನ ಹುಟ್ಟುಗುಣದ ಮೇಲೆ ಹೊರಿಸಿ, ಹಳೆಯ ವ್ಯವಸ್ಥೆಯೇ ಅವನನ್ನು ಹಾಗೆ ಬೆಳೆಸಿತೇ ಎಂದು ಕೇಳುವುದನ್ನು ಅಷ್ಟಕ್ಕೇ ಬಿಟ್ಟುಬಿಡುತ್ತಾನೆ.

ಈ ಪ್ರಕಾರದ ಅತ್ಯಂತ ಪ್ರಾಮಾಣಿಕ ಕೃತಿಯೆಂದರೆ ಜಾರ್ಜ್ ಸ್ಟೀವರ್ಟ್ 1949ರಲ್ಲಿ ಪ್ರಕಟಿಸಿದ ‘ಅರ್ಥ್ ಅಬೈಡ್ಸ್’. ಕ್ಯಾಲಿಫೋರ್ನಿಯಾದಲ್ಲಿ ಬದುಕುಳಿಯುವ ಇಶ್ ಎಂಬ ತರುಣ ಸಂಶೋಧಕನೂ ಅವನ ಸಂಗಾತಿ ಎಮ್ ಎಂಬಾಕೆಯೂ ಸೇರಿ ಒಂದು ಚಿಕ್ಕ ಬಳಗವನ್ನು ಕಟ್ಟುತ್ತಾರೆ. ಅಂಗಡಿಗಳ ತುಂಬ ಡಬ್ಬಿಯ ಆಹಾರ, ನಲ್ಲಿಯಲ್ಲಿ ವರ್ಷಗಟ್ಟಲೆ ನೀರು, ಹತ್ತಿರದಲ್ಲೇ ವಿಶ್ವವಿದ್ಯಾಲಯದ ಅಖಂಡ ಗ್ರಂಥಾಲಯ. ಹೀಗೆ ಎಲ್ಲವೂ ಇರುವುದರಿಂದಲೇ ಯಾರೂ ಏನನ್ನೂ ಕಲಿಯುವುದಿಲ್ಲ. ಇಶ್ ತನ್ನ ನಂತರ ಗ್ರಂಥಾಲಯವನ್ನು ತೆರೆಯಬಲ್ಲವನೆಂದು ನಂಬಿದ್ದ ಮಗ ಜೋಯಿ ವಿಷಮಶೀತ ಜ್ವರಕ್ಕೆ ಬಲಿಯಾಗುತ್ತಾನೆ, ಮತ್ತು ಅಲ್ಲಿಂದಾಚೆಗೆ ಇಶ್ ನಾಗರಿಕತೆಯನ್ನು ಮರಳಿ ತರುವ ಆಸೆ ಬಿಟ್ಟು ಮಕ್ಕಳಿಗೆ ಬಿಲ್ಲು ಬಾಣ ಮಾಡುವುದನ್ನು ಆಟವಾಗಿ ಕಲಿಸುತ್ತಾನೆ. ಒಂದು ತಲೆಮಾರಿನೊಳಗೆ ಬಿಲ್ಲು ಬೇಟೆಯ ಸಾಧನವಾಗುತ್ತದೆ. ಬರೆದಿಟ್ಟ ಜ್ಞಾನಕ್ಕೂ ಕೈಗೆ ಹತ್ತಿದ ಕಸುಬಿಗೂ ಇರುವ ಅಂತರವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಮತ್ತೊಂದು ಪ್ರಳಯೋತ್ತರ ಕಾದಂಬರಿಯನ್ನು ಹೆಸರಿಸುವುದು ಕಷ್ಟ.

ನಂತರದ ಕೃತಿಗಳು ಹೆಚ್ಚು ಆಶಾವಾದಿಗಳು. 1975ರಿಂದ 1977ರವರೆಗೆ ಬಿಬಿಸಿ ಪ್ರಸಾರ ಮಾಡಿದ, ಟೆರಿ ನೇಶನ್ ರೂಪಿಸಿದ ‘ಸರ್ವೈವರ್ಸ್’ ಧಾರಾವಾಹಿ ಬೇಸಾಯ, ವಿನಿಮಯ, ರೈಲು, ವಿದ್ಯುತ್ತು ಎಂದು ಹಂತ ಹಂತವಾಗಿ ಮೇಲೇರುತ್ತದೆ. ಸ್ಟೀಫನ್ ಕಿಂಗ್‌ನ ‘ದಿ ಸ್ಟ್ಯಾಂಡ್’ (1978) ಕಾದಂಬರಿಯಲ್ಲಿ ಬೌಲ್ಡರ್ ನಗರಕ್ಕೆ ಬಂದು ಸೇರಿದವರು ಸಮಿತಿಗಳನ್ನು ರಚಿಸಿಕೊಂಡು ವಿದ್ಯುತ್ ಸ್ಥಾವರವನ್ನು ಮತ್ತೆ ನಡೆಸಲು ಹೊರಡುತ್ತಾರೆ. ಅದರ ದೈವ ದೆವ್ವಗಳ ಕದನಕ್ಕಿಂತ, ಮನೆಮನೆಯಿಂದ ಶವಗಳನ್ನು ತೆಗೆದು ಮಣ್ಣು ಮಾಡುವ ಸಮಿತಿಯ ಕೆಲಸವೇ ಮನಸ್ಸಿನಲ್ಲಿ ಉಳಿಯುವಂಥದ್ದು. ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್‌ಳ ‘ಸ್ಟೇಶನ್ ಇಲೆವೆನ್’ (2014) ಮಾರಿ ಬಂದ ಇಪ್ಪತ್ತು ವರ್ಷಗಳ ಮೇಲೆ ಊರೂರು ಅಲೆದು ಷೇಕ್ಸ್‌ಪಿಯರನ ನಾಟಕವಾಡುವ ಮೇಳವನ್ನು ಚಿತ್ರಿಸುತ್ತದೆ. ಹೊಟ್ಟೆ ತುಂಬಿದರಷ್ಟೇ ಸಾಲದು ಎಂಬ ಅದರ ನಂಬಿಕೆ ನಿಜವಾದದ್ದೇ, ಬಯಲಾಟ ದೊಡ್ಡಾಟಗಳನ್ನು ಬಲ್ಲ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ; ಆದರೆ ಆ ಮೇಳಕ್ಕೆ ಉಣಬಡಿಸುವ ಊರಿನಲ್ಲಿ ಕಾಳು ಬೆಳೆದವರು ಯಾರು, ಆ ಹೊಲ ಯಾರದು ಎಂಬುದನ್ನು ಕಾದಂಬರಿ ತೇಲಿಸಿಬಿಡುತ್ತದೆ.

ಇದು ಒಂದು ಕೃತಿಯ ಕೊರತೆಯಲ್ಲ, ಇಡೀ ಪ್ರಕಾರದ ಕೊರತೆ. ಈ ಕಾದಂಬರಿಗಳಲ್ಲಿ ಮಾರಿಯು ಜನರೊಂದಿಗೆ ಅವರ ಹಕ್ಕು, ಸಾಲ, ಋಣ, ಗಡಿತಂಟೆಗಳನ್ನೂ ಒರೆಸಿಹಾಕುತ್ತದೆ. ಉಳಿದವರಿಗೆ ಸಿಗುವುದು ಯಾರದೂ ಅಲ್ಲದ ಲೋಕ. ಹಾಗಾಗಿ ಪುನರ್ನಿರ್ಮಾಣವೆಂದರೆ ಯಾವ ಯಂತ್ರವನ್ನು ಮೊದಲು ಚಾಲೂ ಮಾಡಬೇಕೆಂಬ ಲೆಕ್ಕಾಚಾರವಾಗುತ್ತದೆ. ನಿಜವಾದ ಮಾರಿಗಳ ನಂತರ ನಡೆದದ್ದು ಬೇರೆ. ಯುರೋಪಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ನುಂಗಿತೆನ್ನಲಾದ ಹದಿನಾಲ್ಕನೆಯ ಶತಮಾನದ ಪ್ಲೇಗಿನ ಬೆನ್ನಿಗೇ, 1349ರ ಸುಗ್ರೀವಾಜ್ಞೆ ಮತ್ತು 1351ರ ಶಾಸನದ ಮೂಲಕ ಇಂಗ್ಲೆಂಡಿನ ಒಡೆಯರು ಕೂಲಿಯವರು ಮಾರಿಯ ಹಿಂದಿನ ದರಕ್ಕೇ ದುಡಿಯಬೇಕೆಂದು ಕಟ್ಟು ಮಾಡಿದರು. ಆಳುಗಳು ಕಡಿಮೆಯಾದಾಗ ಕೂಲಿ ಏರಬೇಕು ಎಂಬುದನ್ನು ಅವರು ಒಪ್ಪಲಿಲ್ಲ. ಹೆಣಗಳನ್ನು ಹೂಳಿ ಮುಗಿಯುವ ಮೊದಲೇ ಆರಂಭವಾದ ಈ ಜಗ್ಗಾಟಕ್ಕೆ ಪ್ರಳಯೋತ್ತರ ಕಾದಂಬರಿಗಳಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ.

ದಖ್ಖನ್‌ನಲ್ಲಿ ಇದಕ್ಕೆ ಪ್ರತಿಯಾದ ಒಂದು ಉದಾಹರಣೆಯಿದೆ. 1396ರ ಸುಮಾರಿಗೆ ಆರಂಭವಾಗಿ ಹನ್ನೆರಡು ವರ್ಷ ಕಾಡಿತೆಂದು ಪರಂಪರೆ ಹೇಳುವ, ದುರ್ಗಾದೇವಿ ಎಂಬ ಹೆಸರಿನಿಂದಲೇ ನೆನಪಿನಲ್ಲುಳಿದ ಬರವು ಗೋದಾವರಿ ಕೃಷ್ಣೆಗಳ ನಡುವಿನ ಎಷ್ಟೋ ಸೀಮೆಗಳನ್ನು ನಿರ್ಜನಗೊಳಿಸಿತು. ಅದು ಪ್ಲೇಗಲ್ಲ, ಬರ; ಆದರೂ ಅದು ಬಿಟ್ಟುಹೋದ ಸ್ಥಿತಿ, ಅಂದರೆ ಜನರಿಲ್ಲದ ಊರು, ಮರೆತುಹೋದ ಗಡಿ, ಕಳ್ಳರೂ ಪಾಳೆಯಗಾರರೂ ಹಿಡಿದುಕೊಂಡ ಕೋಟೆಗಳು, ಪ್ರಳಯೋತ್ತರ ಕಾದಂಬರಿಯ ಮೊದಲ ಅಧ್ಯಾಯದಿಂದ ಬೇರೆಯಲ್ಲ. ಸುಮಾರು ಮೂವತ್ತು ವರ್ಷ ಹೀಗೇ ಕಳೆದ ಮೇಲೆ, ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಗೊಳ್ಳುತ್ತಿದ್ದ ಕಾಲದಲ್ಲಿ, 1429ರ ಸುಮಾರಿಗೆ, ಬಹಮನಿ ಸರದಾರ ಮಲಿಕ್-ಉಲ್-ತುಜಾರನ ದಂಡಿನೊಂದಿಗೆ ದಾದೋ ನರಸು ಕಾಳೆ ಎಂಬ ಅನುಭವಿ ಬ್ರಾಹ್ಮಣ ಅಧಿಕಾರಿಯನ್ನೂ ಆಸ್ಥಾನದ ಒಬ್ಬ ತುರ್ಕಿ ಅಧಿಕಾರಿಯನ್ನೂ ಊರುಗಳನ್ನು ಮತ್ತೆ ನೆಲೆಗೊಳಿಸಲು ಕಳಿಸಲಾಯಿತು. ಹಳೆಯ ಎಲ್ಲೆಗಳು ಯಾರಿಗೂ ನೆನಪಿರಲಿಲ್ಲವಾದ್ದರಿಂದ ದಾದೋ ನರಸು ಎರಡು ಮೂರು ಊರುಗಳನ್ನು ಸೇರಿಸಿ ಒಂದು ಮಾಡಿ ಹೊಸ ಎಲ್ಲೆ ಹಾಕಿದನು. ಉಳಲು ಮುಂದೆ ಬಂದವರಿಗೆಲ್ಲ ಭೂಮಿ ಕೊಟ್ಟನು. ಮೊದಲ ವರ್ಷ ಕಂದಾಯವೇ ಇಲ್ಲವೆಂದೂ ಎರಡನೆಯ ವರ್ಷ ಬಿಘೆಗೆ ಒಂದು ತೋಬ್ರಾ, ಎಂದರೆ ಕುದುರೆಯ ಬಾಯಿಗೆ ಕಟ್ಟುವ ಮೇವಿನ ಚೀಲದ ತುಂಬ ಕಾಳು, ಕೊಟ್ಟರೆ ಸಾಕೆಂದೂ ಗೊತ್ತುಮಾಡಿದನು. ಈ ವಿವರಗಳನ್ನು ಗ್ರಾಂಟ್ ಡಫ್ ತನ್ನ ಮರಾಠರ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಆ ಇತಿಹಾಸವೂ ಮೇರಿ ಶೆಲ್ಲಿಯ ಕಾದಂಬರಿಯೂ ಒಂದೇ ವರ್ಷ, 1826ರಲ್ಲಿ, ಹೊರಬಂದವು ಎಂಬುದು ಆಕಸ್ಮಿಕವೇ ಆದರೂ ಗಮನಾರ್ಹ: ಒಂದರಲ್ಲಿ ಮನುಷ್ಯಕುಲ ಮುಗಿಯುತ್ತದೆ, ಮತ್ತೊಂದರಲ್ಲಿ ಒಬ್ಬ ಅಧಿಕಾರಿ ಗಡಿಕಲ್ಲು ನೆಡಿಸುತ್ತಾನೆ.

ದಾದೋ ನರಸುವಿನ ಏರ್ಪಾಡನ್ನು ಉದಾರತೆಯೆಂದು ಮಾತ್ರ ಓದಬೇಕಾಗಿಲ್ಲ. ಬೊಕ್ಕಸಕ್ಕೆ ಉಳುವವರು ಬೇಕಾಗಿದ್ದರು. ಆದರೂ ಇಂಗ್ಲೆಂಡಿನ ಶಾಸನದ ಪಕ್ಕದಲ್ಲಿ ಅದರ ವಿವೇಕ ಎದ್ದು ಕಾಣುತ್ತದೆ. ಎರೆಭೂಮಿಯ ಊರು ಮತ್ತೆ ನಿಲ್ಲಬೇಕಾದರೆ ಮೊದಲ ಫಸಲು ಕೈಸೇರುವವರೆಗೆ ಯಾರೂ ಬಂದು ಕೇಳದಂತಿರಬೇಕು ಮತ್ತು ಬಿತ್ತನೆಗೆ ಬೀಜವಿರಬೇಕು. ಉತ್ತರ ಕರ್ನಾಟಕದ ಊರುಗಳಲ್ಲಿ ನೆಲದೊಳಗೆ ತೋಡಿ, ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚುವ ಹಗೇವುಗಳು ವರ್ಷಗಟ್ಟಲೆ ಕಾಳು ಕಾಯುತ್ತಿದ್ದವು. ಬೀಜದ ಜೊತೆಗೆ ಬೇಕಾದವರು ಆಯಗಾರರು: ನೇಗಿಲು ಕೂರಿಗೆ ಮಾಡುವ ಬಡಿಗ, ಕುಳ ಹಣಿಯುವ ಕಮ್ಮಾರ, ಕುಂಬಾರ, ಮಡಿವಾಳ, ಕ್ಷೌರಿಕ ಮುಂತಾಗಿ, ಸುಗ್ಗಿಯಲ್ಲಿ ಕಣದ ಪಾಲು ಪಡೆದು ವರ್ಷವಿಡೀ ಊರ ಕೆಲಸ ಮಾಡುವ ಕಸುಬುದಾರರು. ಸ್ಟೀವರ್ಟನ ಬಳಗ ಸೋತದ್ದು ಇಂಥ ಕೈಗಳು ಅಲ್ಲಿ ಇಲ್ಲದ್ದರಿಂದ. ಆದರೆ ಆಯಗಾರಿಕೆಯು ಜಾತಿಯ ಚೌಕಟ್ಟಿನೊಳಗಿನ ಏರ್ಪಾಡೂ ಆಗಿತ್ತು. ಊರು ಹಾಳಾಗಿ ಮತ್ತೆ ನಿಂತಾಗ ಬಡಿಗನ ಉಳಿಯ ಜೊತೆಗೆ ಹೊಲಗೇರಿಯೂ ಮೊದಲಿದ್ದ ದಿಕ್ಕಿನಲ್ಲೇ ನಿಲ್ಲುತ್ತಿತ್ತು ಎಂಬುದನ್ನು ಮರೆತು ಅದನ್ನು ಹೊಗಳುವುದು ಅನ್ಯಾಯ.

ಆಧುನಿಕ ಕಾಲದ ಪ್ಲೇಗು ಈ ಮಾತಿಗೆ ಪುರಾವೆ ಒದಗಿಸುತ್ತದೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಗೆಡ್ಡೆ ಪ್ಲೇಗು, ಎಂದರೆ ತೊಡೆಸಂದು ಕಂಕುಳುಗಳಲ್ಲಿ ಗಂಟು ಎದ್ದು ಕೆಲವೇ ದಿನಗಳಲ್ಲಿ ಕೊಲ್ಲುವ ರೋಗ, ರೈಲುಮಾರ್ಗದುದ್ದಕ್ಕೂ ಹರಡಿ 1898ರಲ್ಲಿ ಬೆಂಗಳೂರನ್ನು ತಲುಪಿತು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಸಾಗಿಸುತ್ತದೆಂದು ವಿಜ್ಞಾನಿಗಳು ಖಚಿತಪಡಿಸುವ ಮೊದಲೇ, ಇಲಿ ಬಿದ್ದ ಮನೆ ಬಿಡಬೇಕೆಂಬುದನ್ನು ಹಳ್ಳಿಯವರು ಕಂಡುಕೊಂಡಿದ್ದರು; ಊರಿಗೆ ಊರೇ ಬಾಗಿಲು ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದು ಮರಳುವುದು ನಾಡಿನಾದ್ಯಂತ ರೂಢಿಯಾಯಿತು. ಬೆಂಗಳೂರಿನಲ್ಲಿ ಇಕ್ಕಟ್ಟಿನ ಪೇಟೆಗೆ ಬದಲಾಗಿ ಬಸವನಗುಡಿ, ಮಲ್ಲೇಶ್ವರಂ ಎಂಬ ಹೊಸ ಬಡಾವಣೆಗಳು ಅಗಲವಾದ ಬೀದಿ ಮತ್ತು ಗಾಳಿ ಬೆಳಕಿನ ಮನೆಗಳೊಂದಿಗೆ ಎದ್ದವು. ಕರ್ನಾಟಕದಲ್ಲಿ ಮಾರಿಯ ನಂತರದ ನಿರ್ಮಾಣಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಆದರೆ ಆ ಬಡಾವಣೆಗಳ ನಿವೇಶನ ಹಂಚಿಕೆಯಲ್ಲಿ ಜಾತಿ ಸಮುದಾಯಗಳನ್ನು ಬೇರೆ ಬೇರೆ ಭಾಗಗಳಲ್ಲಿ ಇರಿಸುವ ಯೋಜನೆಯೂ ಇತ್ತು. ರೋಗಾಣುವನ್ನು ದೂರವಿಡಲು ಎಳೆದ ಗೆರೆಗಳು ಹಳೆಯ ಗೆರೆಗಳ ಮೇಲೆಯೇ ಹಾದುಹೋದವು.

ಬೀದರ ಸೀಮೆಯನ್ನೊಳಗೊಂಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಪೆಟ್ಟು ಇನ್ನೂ ಆಳವಾಗಿತ್ತು. ಪ್ಲೇಗಿನ ಮೇಲೆ 1918ರ ಮಳೆ ಕೈಕೊಟ್ಟು ಇನ್‌ಫ್ಲುಯೆಂಜಾ ಬಂತು. ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 33 ಲಕ್ಷವಿದ್ದುದು 1921ರ ಗಣತಿಯಲ್ಲಿ ಸುಮಾರು 1 ಕೋಟಿ 24 ಲಕ್ಷಕ್ಕಿಳಿಯಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲರನ್ನೂ ಸೇರಿಸಿಯೂ ಇಷ್ಟು ಕುಸಿತ. ನೂರು ವರ್ಷಗಳ ನಂತರ, 2020ರ ಮಾರ್ಚಿನಲ್ಲಿ, ಭಾರತದ ಮೊದಲ ಕೋವಿಡ್ ಸಾವು ದಾಖಲಾದದ್ದೂ ಇದೇ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗಿದ್ದವರು ಗಡಿಯ ತಪಾಸಣಾ ಠಾಣೆಗಳನ್ನು ದಾಟಿ ಊರು ಸೇರಿದಾಗ ಅವರನ್ನು ಮೊದಲು ಇರಿಸಿದ್ದು ಶಾಲೆಗಳಲ್ಲಿ ಮತ್ತು ವಸತಿನಿಲಯಗಳಲ್ಲಿ. ಒಂದು ಮಾರಿಯ ಕಾಲದಲ್ಲಿ ಊರು ಹೊಲಕ್ಕೆ ಹೋಯಿತು, ಮತ್ತೊಂದರ ಕಾಲದಲ್ಲಿ ನಗರವೇ ಊರಿಗೆ ಬಂತು.

ಇಷ್ಟೆಲ್ಲ ಕಂಡ ಕನ್ನಡದ ಕಾದಂಬರಿ ಪ್ಲೇಗಿನ ಬಗ್ಗೆ ಬರೆದಾಗ ಪಶ್ಚಿಮದ ಪ್ರಳಯೋತ್ತರ ಕಥನ ಬಿಟ್ಟ ಜಾಗದಿಂದಲೇ ಆರಂಭಿಸಿತು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣ ಅಗ್ರಹಾರದ ನಡುವೆ ಕೊಳೆಯುತ್ತದೆ. ಅವನು ಆಚಾರಭ್ರಷ್ಟನಾದರೂ ಬಹಿಷ್ಕೃತನಲ್ಲ, ಆದ್ದರಿಂದ ಅವನ ಶವಸಂಸ್ಕಾರ ಯಾರ ಹೊಣೆ ಎಂಬುದು ತೀರ್ಮಾನವಾಗುವುದಿಲ್ಲ. ಸಾವನ್ನು ರೋಗವೆಂದು ಗುರುತಿಸುವುದಕ್ಕಿಂತ ಮೊದಲು ಅದನ್ನು ಧರ್ಮಸಂಕಟವೆಂದು ಚರ್ಚಿಸುವ ಆ ಸಮುದಾಯ ಅಷ್ಟರಲ್ಲಿ ತಾನೇ ಚದುರುತ್ತದೆ. ಕೊನೆಗೆ ಆ ಹೆಣವನ್ನು ರಾತ್ರೋರಾತ್ರಿ ಸುಡುವ ಏರ್ಪಾಡು ಮಾಡುವವಳು ನಾರಣಪ್ಪನ ಸಂಗಾತಿ ಚಂದ್ರಿ, ಅವಳಿಗೆ ನೆರವಾಗುವವನು ಒಬ್ಬ ಮುಸ್ಲಿಂ ವ್ಯಾಪಾರಿ. ಕಿಂಗ್‌ನ ಕಾದಂಬರಿಯಲ್ಲಿ ಒಂದು ಸಮಿತಿ ಮಾಡುವ ಕೆಲಸವನ್ನು ಇಲ್ಲಿ ಸಮುದಾಯದ ಹೊರಗಿನ ಇಬ್ಬರು ಮಾಡುತ್ತಾರೆ. ಸತ್ತವರ ಹೊಣೆಯನ್ನು ಯಾರು ಹೊರುತ್ತಾರೋ ಮುಂದಿನ ಸಮಾಜಕ್ಕೆ ಅವರೇ ಅಡಿಪಾಯ ಹಾಕಬಲ್ಲರು ಎಂಬ ಸೂಚನೆ ಅಲ್ಲಿದೆ. ಆದರೆ ಕಾದಂಬರಿ ಆ ದಾರಿ ಹಿಡಿಯದೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಒಳತೋಟಿಯ ಬೆನ್ನು ಹತ್ತುತ್ತದೆ. ಅದು ಕೃತಿಯ ಆಯ್ಕೆ, ಮತ್ತು ಅದರಿಂದ ದಕ್ಕಿದ್ದು ದೊಡ್ಡದೇ. ಚಂದ್ರಿ ಮುಂದೇನಾದಳು ಎಂಬ ಕಥೆ ಮಾತ್ರ ಬರೆಯದೆ ಉಳಿಯಿತು.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಈ ದೃಷ್ಟಿಯಿಂದ ಇನ್ನಷ್ಟು ಹತ್ತಿರ ಬರುತ್ತದೆ. ತುಮಕೂರು ಹಾಸನ ಸೀಮೆಯ ಹಳ್ಳಿಗಳಲ್ಲಿ 1920ರಿಂದ 1940ರ ದಶಕದವರೆಗೆ ನಡೆಯುವ ಈ ಕಥೆಯಲ್ಲಿ ಪ್ಲೇಗು ಪ್ರಳಯದಂತೆ ಒಮ್ಮೆ ಬಂದು ಹೋಗುವುದಿಲ್ಲ. ಮತ್ತೆ ಮತ್ತೆ ಬರುತ್ತದೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಎಲೆ ಹಚ್ಚಿ ಸಂಸಾರ ತೂಗಿಸುವ ನಂಜಮ್ಮ ಬೆಳೆದ ಮಕ್ಕಳನ್ನು ಪ್ಲೇಗಿಗೆ ಕೊಟ್ಟ ಮೇಲೂ ಒಂದು ಮನೆ ಕಟ್ಟಿಸಲು ಹೊರಡುತ್ತಾಳೆ. ಇಡೀ ಜಗತ್ತಿನ ಪ್ರಳಯೋತ್ತರ ಸಾಹಿತ್ಯದಲ್ಲಿ ಪುನರ್ನಿರ್ಮಾಣದ ಇಷ್ಟು ದಿಟವಾದ ಚಿತ್ರ ಅಪರೂಪ, ಏಕೆಂದರೆ ಅವಳ ಸುತ್ತಲಿನ ಲೋಕ ಬರಿದಾಗಿಲ್ಲ: ಸಾಲಗಾರರು, ದಾಯಾದಿಗಳು, ಬೈಗುಳದ ಅತ್ತೆ, ಕಂದಾಯದ ಕಿಸ್ತು ಎಲ್ಲವೂ ಮೊದಲಿನಂತೆಯೇ ಇವೆ. ಅವಳನ್ನೂ ಮಾರಿ ಒಯ್ದಾಗ ಉಳಿಯುವ ಮಗ ವಿಶ್ವನನ್ನು ಕರೆದುಕೊಂಡು ಹೋಗುವವರು ರಕ್ತಸಂಬಂಧಿಗಳಲ್ಲ, ಭಿಕ್ಷೆ ಬೇಡಿ ಬದುಕುವ ಜಂಗಮ ಮಾದೇವಯ್ಯನವರು.

ಉಳಿದ ಮಗುವಿನ ಪ್ರಶ್ನೆ ಜ್ಞಾನದ ಪ್ರಶ್ನೆಯೂ ಹೌದು. ಮಾರ್ಗರೆಟ್ ಆಟ್‌ವುಡ್‌ಳ ‘ಮ್ಯಾಡ್‌ಆ್ಯಡಮ್’ (2013) ಕಾದಂಬರಿಯಲ್ಲಿ, ಮಾನವನಿರ್ಮಿತ ಮಾರಿಯ ನಂತರ, ಟೋಬಿ ಎಂಬಾಕೆ ಹೊಸ ತಳಿಯ ಮನುಷ್ಯರ ಹುಡುಗನೊಬ್ಬನಿಗೆ ಅಕ್ಷರ ಕಲಿಸುತ್ತಾಳೆ ಮತ್ತು ಕೊನೆಯ ಭಾಗವನ್ನು ಅವನೇ ಬರೆಯುತ್ತಾನೆ. ಕಲಿತವನು ಕಲಿಸುವವನಾದಾಗಲೇ ಬರಹ ಉಳಿಯುತ್ತದೆ ಎಂಬುದಕ್ಕೆ ಬಸವಕಲ್ಯಾಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹನ್ನೆರಡನೆಯ ಶತಮಾನದ ಅರವತ್ತರ ದಶಕದಲ್ಲಿ ಕಲ್ಯಾಣ ಕದಡಿ ಶರಣರು ಚದುರಿದ್ದು ರೋಗದಿಂದಲ್ಲ, ರಾಜಕೀಯ ಹಿಂಸೆಯಿಂದ. ಆದರೆ ಚದುರಿದವರು ವಚನಗಳ ಕಟ್ಟುಗಳನ್ನು ಉಳವಿಯತ್ತ ಕೊಂಡೊಯ್ದರೆಂಬ ನೆನಪು ಈ ನಾಡಿನಲ್ಲಿ ಗಾಢವಾಗಿದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ವಿರಕ್ತರು ಅವುಗಳನ್ನು ಸಂಕಲಿಸಿ ಶೂನ್ಯಸಂಪಾದನೆಗಳನ್ನು ರಚಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ ಮಠಮಠ ಸುತ್ತಿ ತಾಳೆಗರಿಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ಲಂಡನ್‌ನ ಗುಹೆಯಲ್ಲೂ ಸ್ಟೀವರ್ಟನ ಗ್ರಂಥಾಲಯದಲ್ಲೂ ಪುಸ್ತಕವಿದೆ, ಹಾಡಿಕೊಳ್ಳುವ ಬಾಯಿಯಿಲ್ಲ. ವಚನಗಳಿಗೆ ನಿತ್ಯ ಅನುಸಂಧಾನ ಮಾಡುವ ಮಠಗಳೂ ಮನೆಗಳೂ ಇದ್ದವು, ಗರಿಗಳನ್ನು ಪೂಜೆಯ ಜಗುಲಿಯ ಮೇಲಿಟ್ಟು ಕಾಪಾಡಿದವರೂ ಇದ್ದರು. ಪೂಜಿಸಿದ್ದರಿಂದ ಗರಿ ಉಳಿಯಿತು, ಓದಿದ್ದರಿಂದ ಅರ್ಥ ಉಳಿಯಿತು, ಎರಡೂ ಬೇಕಾಗಿದ್ದವು.

ಪ್ರಳಯೋತ್ತರ ಕಾದಂಬರಿಯು ಬಹುಮಟ್ಟಿಗೆ ಮುಟ್ಟದೆ ಬಿಟ್ಟ ವಸ್ತುವೊಂದಿದೆ: ಮರಳಿ ಬರುವವನು. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್‌ನ ‘ದಿ ಇಯರ್ಸ್ ಆಫ್ ರೈಸ್ ಆ್ಯಂಡ್ ಸಾಲ್ಟ್’ (2002) ಪ್ಲೇಗಿನಿಂದ ಯುರೋಪ್ ಸಂಪೂರ್ಣ ಬರಿದಾದರೆ ಅಲ್ಲಿಗೆ ಹೊರಗಿನವರು ಬಂದು ನೆಲೆಸುವುದನ್ನು ಊಹಿಸುತ್ತದೆ, ಆದರೆ ಅಲ್ಲಿಯೂ ಹಳೆಯ ಒಡೆಯನ ವಾರಸುದಾರ ಬಾಗಿಲು ತಟ್ಟುವುದಿಲ್ಲ. ದಖ್ಖನ್‌ನಲ್ಲಿ ಅವನು ಬರುತ್ತಿದ್ದನು. ಇಲ್ಲಿನ ಹಳ್ಳಿಗಳಲ್ಲಿ ಉಳುವವರು ಎರಡು ಬಗೆ: ವಂಶಪಾರಂಪರ್ಯವಾಗಿ ಹೊಲದ ಹಕ್ಕುಳ್ಳ ಮಿರಾಸಿದಾರ, ಮತ್ತು ಹೊರಗಿನಿಂದ ಬಂದು ಸಾಗುವಳಿ ಮಾಡುವ ಉಪರಿ. ಬರಕ್ಕೋ ರೋಗಕ್ಕೋ ದಂಡಿಗೋ ಹೆದರಿ ಊರು ಬಿಟ್ಟ ಮಿರಾಸಿದಾರನ ಹಕ್ಕು ಬಹುಕಾಲದವರೆಗೆ ಅಳಿಯುತ್ತಿರಲಿಲ್ಲ. ಅವನೋ ಅವನ ಮಗನೋ ಎಷ್ಟೋ ವರ್ಷಗಳ ಮೇಲೆ ಬಂದು ತನ್ನ ಹೊಲ ತನಗೆ ಕೊಡಿ ಎಂದು ಕೇಳಬಹುದಾಗಿತ್ತು. ಅಷ್ಟರಲ್ಲಿ ಜಾಲಿ ಕಡಿದು, ಕರಿಕೆ ಕಿತ್ತು, ಒಡ್ಡು ಹಾಕಿ ಆ ಹೊಲವನ್ನು ಹಸನು ಮಾಡಿದ್ದ ಉಪರಿಯ ಬೆವರಿಗೆ ಬೆಲೆಯೇನು ಎಂಬ ವಾದವೂ ಅಷ್ಟೇ ಬಲವಾದದ್ದು. ಇಂಥ ತಂಟೆಗಳನ್ನು ಊರ ಪಾಟೀಲ, ಕುಲಕರ್ಣಿ, ರೈತರು, ಬಲುತೆದಾರರೆಂದು ಮರಾಠಿ ಸೀಮೆಯಲ್ಲಿ ಕರೆಯಲಾಗುವ ಕಸುಬುದಾರರು ಕೂಡಿದ ಗೋತಸಭೆ ಕೇಳಿ, ಮಹಜರು ಎಂಬ ಲಿಖಿತ ತೀರ್ಪನ್ನು ಮಾಡಿ ಕೊಡುತ್ತಿತ್ತು.

ಅಕ್ಷರ ಬಾರದವರು ಆ ಕಾಗದಕ್ಕೆ ತಮ್ಮ ಕಸುಬಿನ ಗುರುತು ಹಾಕುತ್ತಿದ್ದರು. ರೈತನದು ನೇಗಿಲು, ಉಳಿದ ಕಸುಬುದಾರರದು ಅವರವರ ಸಲಕರಣೆ. ಬದುಕುಳಿದವನಿಗೂ ಮರಳಿದವನಿಗೂ ನಡುವೆ ಊರು ಕೂತು ಮಾಡಿದ ಇಂಥ ಒಂದು ತೀರ್ಪಿನ ಮೇಲೆ ಇಡೀ ಕಾದಂಬರಿಯೊಂದನ್ನು ನಿಲ್ಲಿಸಬಹುದು. ದುರ್ಗಾದೇವಿಯ ನಂತರದ ಮೂವತ್ತು ವರ್ಷಗಳೂ 1918ರ ನಂತರದ ಬೀದರ ಸೀಮೆಯೂ ಆ ಕಾದಂಬರಿಗೆ ಬೇಕಾದ ಕಾಲವನ್ನು ಕೊಡುತ್ತವೆ, ಚಂದ್ರಿ ಮತ್ತು ನಂಜಮ್ಮ ಅದಕ್ಕೆ ಬೇಕಾದ ಮನುಷ್ಯರು ಎಂಥವರೆಂಬುದನ್ನು ಈಗಾಗಲೇ ತೋರಿಸಿದ್ದಾರೆ. ಹೊಲದ ನಡುವೆ ನಿಂತ ಇಬ್ಬರಲ್ಲಿ ಯಾರ ಪರವಾಗಿ ಮಹಜರು ಬರೆಯಬೇಕೆಂಬುದನ್ನು ಮಾತ್ರ ಅದರ ಲೇಖಕ ತಾನೇ ನಿರ್ಧರಿಸಬೇಕಾಗುತ್ತದೆ.